ಹಳದಿ ಕಾರಿನ ಪ್ರೇಕ್ಷಕರು

ಆ ಬೀದಿಯಲ್ಲಿ ಅವಳು ಎಲ್ಲರಿಗೂ ಅಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರು ಕೂಡ ಕುರ್ಚಿಯಲ್ಲಿ ಕೂತು ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡ ಕೂಡಲೇ, ‘ಅಕ್ಕ, ಹಿಂದ್ಗಡೆ ಜಾಸ್ತಿ ತೆಗೀಬೇಡಿ’ ಎನ್ನುತ್ತಿದ್ದರು. ಹೆಂಗಸರ ಕೂದಲು ಕತ್ತರಿಸುವ ಅವಳ ಪಾರ್ಲರು ದೊಡ್ಡದೇನಲ್ಲ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಮೂಲೆಯಲ್ಲಿ ತಲೆ ತೊಳೆಯುವ ಬೇಸಿನ್ನು, ಕಾಯುವವರಿಗೊಂದು ಸೋಫಾ, ಸೋಫಾದ ಎದುರು ಗೋಡೆಗೆ ತಗುಲಿಸಿದ ಟೀವಿ. ಎರಡನೆಯ ಕುರ್ಚಿಯನ್ನು ನೋಡಿಕೊಳ್ಳಲು ಒಬ್ಬ ಜೊತೆಗಾರ್ತಿ ಇದ್ದಳು, ಮಾತಿನ ಮಲ್ಲಿ. ಅಕ್ಕನದು ಅದಕ್ಕೆ ತದ್ವಿರುದ್ಧ. ಕೈ ಚುರುಕು, ಬಾಯಿ ಕಮ್ಮಿ. ಅತ್ತೆ ಸೊಸೆಯರ ಜಗಳ, ಗಂಡಂದಿರ ಕುಡಿತ, ಮಕ್ಕಳ ಪ್ರೇಮ ಎಲ್ಲ ಆ ಕುರ್ಚಿಗಳ ಮೇಲೆ ಹರಿದು ಹೋಗುತ್ತಿತ್ತು. ಅಕ್ಕನ ಬಾಯಿಂದ ಅದರ ಒಂದು ಹನಿಯೂ ಬೀದಿಗೆ ಬೀಳುತ್ತಿರಲಿಲ್ಲ. ಹೆಂಗಸರು ನಂಬಿ ಬರುತ್ತಿದ್ದುದೂ ಅದಕ್ಕೇ.

ಅಂಗಡಿಯ ಹಿಂದಿನ ಬಾಗಿಲು ದಾಟಿದರೆ ಮನೆ. ಅಲ್ಲಿ ಅವಳ ಜೊತೆ ಇದ್ದದ್ದು ತಂಗಿಯ ಮಗಳು. ದೊಡ್ಡಮ್ಮ ದೊಡ್ಡಮ್ಮ ಎಂದು ಸೆರಗು ಹಿಡಿದು ಬೆಳೆದ ಹುಡುಗಿಗೆ ಈಗ ಹದಿಮೂರು ತುಂಬಿತ್ತು; ದೊಡ್ಡಮ್ಮನ ಚಪ್ಪಲಿ ಅವಳ ಕಾಲಿಗೆ ಸರಿಹೋಗುತ್ತಿತ್ತು. ತಾಯಿ ಸತ್ತಾಗ ಅವಳಿಗೆ ಇನ್ನೂ ಮಾತು ತೊದಲು. ಅಕ್ಕ ಮದುವೆಯ ಯೋಚನೆಯಲ್ಲಿದ್ದ ಕಾಲಕ್ಕೆ ಮಗು ಮಡಿಲಿಗೆ ಬಂತು, ಮದುವೆಯ ಮಾತು ತಾನಾಗಿಯೇ ಹಿಂದೆ ಸರಿಯಿತು. ಅದಕ್ಕಾಗಿ ಅವಳು ಕೊರಗಿದವಳಲ್ಲ.

ತಂಗಿಯನ್ನು ಕೊಂದವನು ತಂಗಿಯ ಗಂಡ. ಅವನು ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದ. ಕುಳ್ಳಗೆ, ದಪ್ಪಗೆ, ಸದಾ ಬೆಂಕಿಕಡ್ಡಿಯಿಂದ ಹಲ್ಲು ಕುಕ್ಕುತ್ತ, ಎದುರಿಗೆ ನಿಂತವರ ಹೆಗಲ ಮೇಲೆ ಕೈ ಹಾಕಿ ಮಾತಾಡುವ ಮನುಷ್ಯ. ಹೆಂಡತಿ ಯಾರೊಂದಿಗೆ ನಕ್ಕರೂ ಅವನಿಗೆ ಆಗುತ್ತಿರಲಿಲ್ಲ. ಪೆಟ್ಟು ತಾಳಲಾರದೆ ಅವಳು ಎಷ್ಟೋ ಸಲ ಅಕ್ಕನ ಮನೆಗೆ ಓಡಿ ಬಂದಿದ್ದಳು. ಪ್ರತಿ ಸಲವೂ ಅವನು ಹಿಂದೆಯೇ ಬಂದು, ಬಾಗಿಲಲ್ಲಿ ಕೂತು, ಅತ್ತು ಕರೆದು ವಾಪಸು ಕರೆದುಕೊಂಡು ಹೋಗುತ್ತಿದ್ದ. ಕೊನೆಯ ಸಲ ಅವಳು ಗಟ್ಟಿ ಮನಸ್ಸು ಮಾಡಿ, ಮಗುವನ್ನು ಮೊದಲೇ ಅಕ್ಕನ ಕೈಗೆ ಕೊಟ್ಟು, ಬಟ್ಟೆ ತರಲೆಂದು ಮನೆಗೆ ಹೋದಳು. ಮರುದಿನ ಡ್ರೈವಿಂಗ್ ಸ್ಕೂಲಿನ ಹಳದಿ ಕಾರು ಕಾಲುವೆಯಲ್ಲಿ ಸಿಕ್ಕಿತು. ಬ್ರೇಕು ಹಿಡಿಯಲಿಲ್ಲ, ತಾನು ಈಜಿ ಬಂದೆ ಎಂದು ಅವನು ಎದೆ ಬಡಿದುಕೊಂಡು ಅತ್ತ. ಅವಳು ನೀರಿಗೆ ಬೀಳುವ ಮೊದಲೇ ಸತ್ತಿದ್ದಳು ಎಂದು ಡಾಕ್ಟರು ಬರೆದರು. ಕೇಸು ನಡೆಯಿತು, ಅವನಿಗೆ ಜೀವಾವಧಿ ಆಯಿತು. ಅಕ್ಕ ಅಲ್ಲಿಗೆ ಆ ಮಾತಿಗೆ ಬೀಗ ಹಾಕಿದಳು. ಅಪ್ಪ ಜೈಲಿನಲ್ಲಿದ್ದಾನೆ, ಯಾಕಿದ್ದಾನೆ ಎನ್ನುವುದನ್ನು ಮಗುವಿಗೆ ತಿಳಿಯುವ ವಯಸ್ಸಿಗೆ ತಿಳಿಯುವ ಮಾತಿನಲ್ಲಿ ಹೇಳಿದ್ದಳು. ಅದಕ್ಕಿಂತ ಹೆಚ್ಚಿಗೆ ಅವಳು ಹೇಳಲಿಲ್ಲ, ಹುಡುಗಿಯೂ ಕೇಳಲಿಲ್ಲ.

ಧಾರಾವಾಹಿಯ ಕಥೆ ಬರೆಯುವವನು ಬಂದದ್ದು ಒಂದು ಮಧ್ಯಾಹ್ನ. ಕನ್ನಡಕ ಹಾಕಿದ, ಮೆದು ಮಾತಿನ ಯುವಕ. ನಿಮ್ಮ ತಂಗಿಯ ನೋವನ್ನು ಜನರಿಗೆ ಮುಟ್ಟಿಸಬೇಕು, ಹೆಂಗಸರಲ್ಲಿ ಅರಿವು ಮೂಡಿಸಬೇಕು ಎಂದ. ಅಕ್ಕ ಕೈಯಲ್ಲಿದ್ದ ಕತ್ತರಿ ಕೆಳಗಿಡದೆ, ಬೇಡ ಎಂದಳು. ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ಅವಳು ಬಾಗಿಲು ತೆರೆದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಳು, ಪಾಪ.

ವರ್ಷ ತಿರುಗುವುದರೊಳಗೆ ‘ಹಳದಿ ಕಾರು’ ಶುರುವಾಯಿತು. ದಿನಾ ಸಂಜೆ ಒಂದು ಕಂತು, ಮಾರನೆಯ ಮಧ್ಯಾಹ್ನ ಅದರದೇ ಮರುಪ್ರಸಾರ. ನಿಜ ಘಟನೆಯಿಂದ ಪ್ರೇರಿತ ಎಂದು ಮೊದಲು ಬರುತ್ತಿತ್ತು, ಎಲ್ಲ ಪಾತ್ರಗಳೂ ಕಾಲ್ಪನಿಕ ಎಂದು ಅದರ ಕೆಳಗೇ ಬರುತ್ತಿತ್ತು. ಹೆಸರುಗಳೆಲ್ಲ ಬೇರೆ. ಆದರೆ ಕಾರು ಅದೇ, ಕಾಲುವೆ ಅಂಥದ್ದೇ. ಸಾಲದ್ದಕ್ಕೆ ಹೆಂಡತಿಗೊಬ್ಬ ಅಕ್ಕ, ಆ ಅಕ್ಕನಿಗೊಂದು ಪಾರ್ಲರು. ಬೀದಿಗೆ ಬೀದಿಯೇ ಕಿವಿ ನಿಮಿರಿಸಿ ಕೂತಿತು.

ಗಂಡನ ಪಾತ್ರಕ್ಕೆ ಹಾಕಿದ್ದು ಆರಡಿ ಎತ್ತರದ ನಟನನ್ನು. ಒಪ್ಪವಾಗಿ ಕತ್ತರಿಸಿದ ಗಡ್ಡ, ನೀರು ತುಂಬಿಕೊಂಡಂಥ ಕಣ್ಣು. ಅವನು ಹೆಂಡತಿಯನ್ನು ಹೊಡೆದ ಮೇಲೆ ಕಿಟಕಿಯ ಬಳಿ ಒಬ್ಬನೇ ನಿಂತು ಅಳುತ್ತಿದ್ದ, ಹಿಂದೆ ಪಿಟೀಲು ನುಡಿಯುತ್ತಿತ್ತು. ಹೆಂಡತಿಯ ಪಾತ್ರದ ಹುಡುಗಿ ಬೆಣ್ಣೆಯಲ್ಲಿ ಮಾಡಿದ ಗೊಂಬೆ. ಮೆಲ್ಲಗೆ ನಡೆಯುತ್ತಿದ್ದಳು, ಪಿಸುಗುಟ್ಟಿದ ಹಾಗೆ ಮಾತಾಡುತ್ತಿದ್ದಳು.

ಅಕ್ಕ ಮೊದಲ ದಿನವೇ ಪಾರ್ಲರಿನ ಟೀವಿಯ ತಂತಿ ಕಿತ್ತು ಸುತ್ತಿಟ್ಟಳು. ಅದರಿಂದ ಆದದ್ದು ಇಷ್ಟೇ: ಹೆಂಗಸರು ಫೋನಿನಲ್ಲಿ ನೋಡತೊಡಗಿದರು. ಮೈಮೇಲೆ ಹೊದಿಸಿದ ಬಟ್ಟೆಯೊಳಗಿಂದ ಕೈ ಹೊರಗೆ ಹಾಕಿ, ತೊಡೆಯ ಮೇಲೆ ಫೋನು ಇಟ್ಟುಕೊಂಡು, ತಲೆ ತಗ್ಗಿಸಿ ಕೂರುತ್ತಿದ್ದರು. ಒಂದು ಮಧ್ಯಾಹ್ನ ಅಕ್ಕ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳ ಕೂದಲು ಕತ್ತರಿಸುತ್ತಿದ್ದಳು. ಕತ್ತರಿಸಿದ ಎಳೆಗಳು ಫೋನಿನ ಮೇಲೆ ಬಿದ್ದವು. ಪರದೆಯ ಮೇಲೆ ಅವನು ಅವಳ ಕುತ್ತಿಗೆಗೆ ಕೈ ಹಾಕಿದ್ದ. ಆ ಹೆಂಗಸು ಕಣ್ಣು ಕೀಳದೆ, ಉಫ್ ಎಂದು ಊದಿ ಕೂದಲು ಹಾರಿಸಿ, ಅಂಟಿಕೊಂಡಿದ್ದ ಒಂದೆರಡು ಎಳೆಗಳನ್ನು ಬೆರಳಿನಿಂದ ಒರೆಸಿ, ನೋಡುವುದನ್ನು ಮುಂದುವರಿಸಿದಳು. ಅಕ್ಕ ಕತ್ತರಿ ಕೆಳಗಿಟ್ಟಳು. ಹಿಂದಿನ ಬಾಗಿಲಿಗೆ ಹೋಗಿ, ಮುಖಕ್ಕೆ ನೀರು ಹಾಕಿಕೊಂಡು, ಬಂದು ಕತ್ತರಿ ಎತ್ತಿಕೊಂಡಳು. ಆ ಹೆಂಗಸಿಗೆ ಅವಳು ಹೋದದ್ದೂ ತಿಳಿದಿರಲಿಲ್ಲ, ಬಂದದ್ದೂ ತಿಳಿದಿರಲಿಲ್ಲ.

ಕೆಟ್ಟ ಮಾತನ್ನು ಯಾರೂ ಕೆಟ್ಟ ಮನಸ್ಸಿನಿಂದ ಆಡುತ್ತಿರಲಿಲ್ಲ, ಅದೇ ಅವಳಿಗೆ ತಡೆಯಲಾಗದ್ದು. ಪಾಪ, ಅವನ ಕಣ್ಣು ನೋಡಿದರೆ ಕೊಲೆ ಮಾಡುವವನ ಹಾಗೆ ಕಾಣುವುದಿಲ್ಲ ಎಂದಳು ಒಬ್ಬಳು. ಅಷ್ಟು ಪ್ರೀತಿಸುವವನನ್ನು ಬಿಟ್ಟು ಹೋಗುತ್ತೇನೆಂದರೆ ಯಾವ ಗಂಡಸಿಗೆ ತಲೆ ಕೆಡುವುದಿಲ್ಲ ಎಂದಳು ಇನ್ನೊಬ್ಬಳು. ಸಾಯುವ ಕಂತು ಯಾವತ್ತು ಬರುತ್ತದೆ, ನೆಂಟರ ಮನೆಗೆ ಹೋಗುವುದನ್ನು ಮುಂದಕ್ಕೆ ಹಾಕಬೇಕು ಎಂದು ಮೂರನೆಯವಳು ಲೆಕ್ಕ ಹಾಕಿದಳು. ಕಾಲೇಜಿನ ಹುಡುಗಿಯರು ಫೋನಿನಲ್ಲಿ ಆ ನಟಿಯ ಚಿತ್ರ ಹಿಡಿದುಕೊಂಡು ಬಂದು, ತಮಗೂ ಹಾಗೇ ಕತ್ತರಿಸಿ ಎಂದರು. ಹೆಗಲ ತನಕ, ತುದಿಗೆ ಸುರುಳಿ. ತಂಗಿಯ ಕೂದಲನ್ನು ಚಿಕ್ಕಂದಿನಿಂದ ಕತ್ತರಿಸುತ್ತಿದ್ದವಳು ಅಕ್ಕ. ಅದು ಬಾಚಣಿಗೆಯ ಹಲ್ಲು ಮುರಿಯುವಂಥ ಒರಟು ಕೂದಲು. ನನಗೆ ಈ ಕಟ್ ಬರುವುದಿಲ್ಲ ಎಂದು ಅವಳು ಸುಳ್ಳು ಹೇಳಿದಳು. ಜೊತೆಗಾರ್ತಿ ತನಗೆ ಬರುತ್ತದೆ ಎಂದು ತನ್ನ ಕುರ್ಚಿಗೆ ಕರೆದಳು. ಆ ವಾರವೆಲ್ಲ ಎರಡನೆಯ ಕುರ್ಚಿಯಿಂದ ಸತ್ತವಳ ಹಾಗೆ ಕಾಣಬೇಕೆಂದವರು ಒಬ್ಬರ ಹಿಂದೊಬ್ಬರು ನಗುತ್ತ ಎದ್ದು ಹೋದರು.

ಕಾಲುವೆಯ ದಂಡೆಗೆ ಜನ ಹೋಗಿ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಬಂತು. ಪಕ್ಕದ ಬಡಾವಣೆಯ ಇನ್ನೊಂದು ಡ್ರೈವಿಂಗ್ ಸ್ಕೂಲಿನವನು ತನ್ನ ಬಿಳಿ ಕಾರಿಗೆ ಹಳದಿ ಬಣ್ಣ ಹೊಡೆಸಿದ. ಸೇರುವವರು ಜಾಸ್ತಿಯಾದರಂತೆ.

ಇಷ್ಟನ್ನೂ ಅವಳು ಹಲ್ಲು ಕಚ್ಚಿ ಸಹಿಸಿಕೊಂಡಳು. ಆಮೇಲೆ ಧಾರಾವಾಹಿಯವರು ಕಥೆಗೆ ಹೊಸ ತಿರುವು ಕೊಟ್ಟರು. ಹೆಂಡತಿಯ ಅಕ್ಕನಿಗೆ, ಆ ಪಾರ್ಲರಿನವಳಿಗೆ, ತಂಗಿಯ ಗಂಡನ ಮೇಲೆ ಕಣ್ಣು. ಅವಳು ಅವನಿಗೆ ತಲೆಗೆ ಎಣ್ಣೆ ಹಚ್ಚುತ್ತಾಳೆ. ತಂಗಿ ಇಲ್ಲದ ಹೊತ್ತಿನಲ್ಲಿ ಅವನ ಕಾರಿನಲ್ಲಿ ಕೂರುತ್ತಾಳೆ. ಕೊನೆಗೆ ತಂಗಿಯ ಮನಸ್ಸು ಕೆಡಿಸಿ ಗಂಡನನ್ನು ಬಿಡಿಸುವವಳೂ ಅವಳೇ.

ಮಾರನೆಯ ಬೆಳಗ್ಗೆ ಪಾರ್ಲರಿನೊಳಗೆ ಹೆಜ್ಜೆ ಇಟ್ಟ ಹೆಂಗಸರು ಮಾತು ನಿಲ್ಲಿಸಿದರು. ಕನ್ನಡಿಯಲ್ಲಿ ಅವರ ಕಣ್ಣುಗಳು ತಮ್ಮ ಕೂದಲನ್ನು ಬಿಟ್ಟು ಅಕ್ಕನ ಮುಖ, ಕುತ್ತಿಗೆ, ಸೊಂಟ ಎಲ್ಲವನ್ನೂ ಅಳೆಯುತ್ತಿದ್ದವು. ಅದಕ್ಕೇ ಮದುವೆ ಆಗಿಲ್ಲ ಎಂದು ಸೋಫಾದ ಮೇಲೆ ಯಾರೋ ಅಂದರು. ಕೆಲವರು ಬರುವುದನ್ನೇ ಬಿಟ್ಟರು. ಆದರೆ ಬಿಟ್ಟವರಿಗಿಂತ ಹೊಸದಾಗಿ ಬಂದವರು ಹೆಚ್ಚು. ಊರಿನ ಆ ತುದಿಯಿಂದ ಆಟೋ ಮಾಡಿಕೊಂಡು, ಕತ್ತರಿಸಲು ಏನೂ ಇಲ್ಲದ ಕೂದಲು ಹೊತ್ತುಕೊಂಡು ಬಂದರು. ತುದಿ ಸ್ವಲ್ಪ ಸಮ ಮಾಡಿ ಸಾಕು ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು ತಮ್ಮ ಫೋಟೋ ತೆಗೆದುಕೊಳ್ಳುವ ನೆಪದಲ್ಲಿ ಹಿಂದೆ ನಿಂತ ಅವಳನ್ನೂ ಸೇರಿಸಿಕೊಂಡರು. ಅಂಗಡಿ ಎಂದೂ ಇಷ್ಟು ತುಂಬಿರಲಿಲ್ಲ. ಜೊತೆಗಾರ್ತಿ ಹಿಗ್ಗಿ ಹೀರೇಕಾಯಿ. ಅಕ್ಕನಿಗೆ ಪ್ರತಿ ತಲೆಯನ್ನು ಮುಟ್ಟುವಾಗಲೂ ಕೊಳೆತದ್ದೇನನ್ನೋ ಮುಟ್ಟಿದಂತಾಗುತ್ತಿತ್ತು.

ಅಂಥವಳೊಬ್ಬಳು ಬೇಸಿನ್ನಿಗೆ ತಲೆಯೊರಗಿಸಿ, ಕಣ್ಣು ಮುಚ್ಚಿ, ಬೆಚ್ಚಗಿನ ನೀರು ಸುರಿಸಿಕೊಳ್ಳುತ್ತ, ಸ್ವಂತ ಗೆಳತಿಯನ್ನು ಕೇಳುವ ಸಲಿಗೆಯಲ್ಲಿ ಕೇಳಿದಳು: “ನಿಜ ಹೇಳಿ ಅಕ್ಕ. ಸ್ವಲ್ಪಾನೂ ಏನೂ ಇರ್ಲಿಲ್ವಾ?”

ನೀರಿನ ಪೈಪು ಅಕ್ಕನ ಕೈಯಲ್ಲಿತ್ತು. ಆ ಹೆಂಗಸಿನ ಗಂಟಲು ಬೇಸಿನ್ನಿನ ಅಂಚಿನ ಮೇಲೆ ಚಾಚಿಕೊಂಡಿತ್ತು. ಅಕ್ಕ ನಲ್ಲಿ ನಿಲ್ಲಿಸಿ, ಟವೆಲು ಸುತ್ತಿ, ಎದ್ದೇಳಿ ಎಂದಳು. ಮರುಮಾತಾಡಲಿಲ್ಲ. ಆಡದಿದ್ದುದೇ ಸಾಕ್ಷಿ ಎಂಬಂತೆ ಆಕೆ ತಲೆಯಾಡಿಸಿದಳು.

ಧಾರಾವಾಹಿಯವರಿಗೆ ಇಷ್ಟೆಲ್ಲ ಒದಗಿಸಿದವರು ಯಾರು ಎಂಬುದಕ್ಕೆ ಅವಳು ಬಹಳ ಹುಡುಕಬೇಕಾಗಲಿಲ್ಲ. ಪಾರ್ಲರಿನ ಮೇಲಿನ ಮಹಡಿಯಲ್ಲಿದ್ದ ಆಂಟಿ ತಾನಾಗಿಯೇ ಹೇಳಿಕೊಂಡು ತಿರುಗುತ್ತಿದ್ದಳು. ಧಾರಾವಾಹಿಯಲ್ಲಿ ಕರುಣೆಯೇ ಮೂರ್ತಿವೆತ್ತಂಥ ಒಬ್ಬ ಮಹಡಿ ಮನೆಯ ಆಂಟಿ ಬರುತ್ತಿದ್ದಳು. ಅದು ನಾನೇ, ನಾನು ಹೇಳಿದ್ದನ್ನೇ ಹಾಗೇ ಇಟ್ಟಿದ್ದಾರೆ ಎಂದು ಈ ಆಂಟಿ ತರಕಾರಿಯವನಿಗೂ ಹೇಳಿದ್ದಳು. ಶವ ಬಂದ ದಿನ ಇದೇ ಆಂಟಿ ಅಕ್ಕನ ಪಕ್ಕದಲ್ಲಿ ಕೂತು ಬೆನ್ನು ಸವರಿದವಳು. ಮಗುವಿಗೆ ಹಾಲು ಕಾಯಿಸಿ ಕುಡಿಸಿದವಳು. ಹಾಗಾಗಿ ಅಕ್ಕ ಮೆಟ್ಟಿಲು ಹತ್ತಿ ಹೋಗಿ ನೇರವಾಗಿ ಕೇಳಿದಳು.

“ನಾನೇನು ಇಲ್ಲದ್ದು ಹೇಳಿದ್ನಾ?” ಎಂದಳು ಆಂಟಿ. “ಅವನು ಆಗಾಗ ನಿಮ್ಮನೆಗೆ ಬರ್ತಿದ್ದ ಅಂದೆ, ಅಷ್ಟೇ. ಬರ್ತಿದ್ದ ತಾನೇ?”

“ಯಾಕೆ ಬರ್ತಿದ್ದ ಅಂತ ನಿಮಗೆ ಗೊತ್ತಿರ್ಲಿಲ್ವಾ? ಅವಳ ಮೈಮೇಲಿನ ಬಾಸುಂಡೆಗೆ ಐಸ್ ಇಟ್ಟೋರು ನೀವು.”

ಆಂಟಿ ದನಿ ತಗ್ಗಿಸಿ, ಬುದ್ಧಿ ಹೇಳುವಂತೆ ಹೇಳಿದಳು: “ಇಟ್ಟೆ, ಇಲ್ಲ ಅನ್ನಲ್ಲ. ಆದ್ರೂ ನೋಡಮ್ಮ, ಅಷ್ಟು ದೊಡ್ಡ ಚಾನೆಲ್‌ನೋರು. ಏನೂ ಇಲ್ದೆ ಸುಮ್ಮನೆ ತೋರಿಸ್ತಾರಾ?”

ಅಕ್ಕನಿಗೆ ಸಿಟ್ಟು ಬರಲಿಲ್ಲ. ಕಣ್ಣಾರೆ ಕಂಡದ್ದನ್ನು ಈ ಹೆಂಗಸು ಒರೆಸಿ ಹಾಕಿ ಟೀವಿಯಲ್ಲಿ ಕಂಡದ್ದನ್ನು ಅಲ್ಲಿ ಕೂರಿಸಿಕೊಂಡಿದ್ದಳು, ಅದೂ ಎಷ್ಟು ಸಲೀಸಾಗಿ. ಬಾಯಲ್ಲಿ ಕಹಿ ನೀರು ಬಂತು. ಅದನ್ನು ನುಂಗಿಕೊಂಡು ಕೆಳಗಿಳಿದಳು.

ಚಾನೆಲ್ಲಿಗೆ ಫೋನು ಮಾಡಿದಳು. ಸಕ್ಕರೆಯಂಥ ದನಿಯ ಹುಡುಗಿಯೊಬ್ಬಳು ಎಲ್ಲವನ್ನೂ ಕೇಳಿಸಿಕೊಂಡು, ಅದು ಕಾಲ್ಪನಿಕ ಮೇಡಂ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಬೇಕಿದ್ದರೆ ಕೊನೆಯ ಕಂತಿನ ವಿಶೇಷ ಕಾರ್ಯಕ್ರಮಕ್ಕೆ ಬನ್ನಿ, ನಾಯಕನಟರ ಪಕ್ಕದಲ್ಲೇ ಕುರ್ಚಿ ಹಾಕಿಸುತ್ತೇವೆ, ಪ್ರೇಕ್ಷಕರಿಗೆ ತುಂಬ ಖುಷಿಯಾಗುತ್ತದೆ ಎಂದಳು. ಅಕ್ಕ ಫೋನನ್ನು ಕಿವಿಯಿಂದ ತೆಗೆದು, ಅದರೊಳಗಿಂದ ಹುಳ ಹೊರಬಂದೀತೇನೋ ಎಂಬಂತೆ ನೋಡಿದಳು.

ಮನೆಯಲ್ಲಿ ಟೀವಿ ಹಾಕುತ್ತಿರಲಿಲ್ಲವಾದ್ದರಿಂದ ಹುಡುಗಿ ನೋಡುತ್ತಿಲ್ಲ ಎಂದು ಅವಳು ನಂಬಿದ್ದಳು. ಹುಡುಗಿ ಗೆಳತಿಯ ಮನೆಯಲ್ಲಿ, ಲೆಕ್ಕ ಮಾಡುವ ನೆಪದಲ್ಲಿ, ಒಂದು ಕಂತೂ ಬಿಡದೆ ನೋಡುತ್ತಿದ್ದಳು. ಇದು ಹೊರಬಿದ್ದದ್ದು ಒಂದು ಭಾನುವಾರ ಬೆಳಗ್ಗೆ. ಹಿತ್ತಲಿನಲ್ಲಿ ಟವೆಲುಗಳನ್ನು ಒಣಹಾಕುತ್ತಿದ್ದಾಗ ಹುಡುಗಿ ಹಗ್ಗದ ಆಚೆ ಬದಿಯಿಂದ, ಮುಖ ಕಾಣದಂತೆ ನಿಂತು ಕೇಳಿದಳು.

“ದೊಡ್ಡಮ್ಮ, ಅಪ್ಪ ಅಷ್ಟು ಚೆನ್ನಾಗಿದ್ರಾ?”

ಅಕ್ಕನ ಕೈಯಲ್ಲಿದ್ದ ಟವೆಲು ಹಗ್ಗದ ಮೇಲೇ ನಿಂತಿತು. ಶಾಲೆಯಲ್ಲಿ ಹುಡುಗಿಯರು ಹೇಳುತ್ತಾರಂತೆ, ನಿನ್ನ ಅಪ್ಪ ಎಷ್ಟು ಸ್ಮಾರ್ಟು ಎಂದು. ಇಬ್ಬರು ಬಂದು ಗೆಳೆತನ ಮಾಡಿಕೊಂಡಿದ್ದಾರಂತೆ. ಒಬ್ಬಳು, ನಿಮ್ಮಮ್ಮನೇ ಅರ್ಥ ಮಾಡಿಕೊಳ್ಳಬೇಕಿತ್ತು ಎಂದಳಂತೆ. ಹುಡುಗಿ ಇದನ್ನೆಲ್ಲ ಹೇಳಿ, ತಡೆದು, ಅಪ್ಪನನ್ನು ನೋಡಬೇಕು ಎಂದಳು. ಆಮೇಲೆ ಇನ್ನೂ ಮೆಲ್ಲಗೆ, “ನೀವು ಅವರನ್ನ ಇಷ್ಟಪಟ್ಟಿದ್ರಾ?” ಎಂದಳು.

ಇಡೀ ಊರು ಕೇಳಿದ್ದು ಒಂದು, ಈ ಒಂದು ಬಾಯಿ ಕೇಳಿದ್ದೇ ಒಂದು. ಅಕ್ಕ ಟವೆಲು ಸರಿಸಿದಳು. ಹುಡುಗಿಯ ಕಣ್ಣಲ್ಲಿ ದ್ವೇಷವೇನೂ ಇರಲಿಲ್ಲ. ತಿಳಿಯಲಿಲ್ಲ, ಅದಕ್ಕೆ ಕೇಳಿದೆ ಎನ್ನುವ ಹಾಗಿತ್ತು. ಇಲ್ಲ ಎಂದು ಹೇಳಬಹುದಿತ್ತು. ಆದರೆ ತನ್ನ ಇಲ್ಲ ಎನ್ನುವುದಕ್ಕೂ ದಿನಾ ಸಂಜೆಯ ಪಿಟೀಲಿಗೂ ನಡುವೆ ಈ ಮಗು ಯಾವುದನ್ನು ಆರಿಸಿಕೊಳ್ಳಬೇಕು? ಇಷ್ಟು ವರ್ಷ ತಾನು ಸುಮ್ಮನಿದ್ದ ಜಾಗಕ್ಕೆ ಆ ಗಡ್ಡದವನು ಬಂದು ಕೂತುಬಿಟ್ಟಿದ್ದ.

“ಮುಖ ತೊಳ್ಕೊ,” ಎಂದಳು. “ಹೋಗಿ ಅವನನ್ನೇ ನೋಡ್ಕೊಂಡು ಬರೋಣ. ಆಮೇಲೆ ನೀನು ಕೇಳಿದ್ದಕ್ಕೆಲ್ಲ ಹೇಳ್ತೀನಿ.”

ಹಾಗೆಂದ ಮಾತ್ರಕ್ಕೆ ಅದೇ ದಿನ ಹೋಗಲು ಆಗುವುದಿಲ್ಲವಷ್ಟೆ. ಜೈಲಿನವರ ಅನುಮತಿ ಸಿಕ್ಕುವ ಹೊತ್ತಿಗೆ ಎರಡು ವಾರವಾಯಿತು. ಆ ಎರಡು ವಾರ ಹುಡುಗಿ ಗೆಳತಿಯ ಮನೆಗೆ ಹೋಗುವುದನ್ನು ಅವಳು ತಡೆಯಲಿಲ್ಲ.

ಭೇಟಿಯ ಕೋಣೆ ಉದ್ದಕ್ಕಿತ್ತು. ನಡುವೆ ದಪ್ಪ ಗಾಜು, ಗಾಜಿನ ಎರಡೂ ಬದಿಗೆ ಸ್ಟೂಲು, ಮಾತಾಡಲು ಒಂದೊಂದು ಫೋನು. ಗಾಜಿನ ತುಂಬ ಹಿಂದಿನವರ ಬೆರಳಿನ ಗುರುತು, ಬಾಯಿಯ ಉಸಿರಿನ ಮಸುಕು. ಹುಡುಗಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದಳು. ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿ, ಎತ್ತರದವರನ್ನು ಹುಡುಕುತ್ತಿದ್ದಳು.

ಅವನು ಬಂದು ಎದುರಿಗೆ ಕೂತಾಗಲೂ ಅವಳು ಅವನ ಹಿಂದಕ್ಕೆ ನೋಡುತ್ತಿದ್ದಳು. ಮೊದಲಿಗಿಂತ ಊದಿದ್ದ. ತಲೆ ಬೋಳಾಗಿತ್ತು. ಆದರೆ ಗಡ್ಡ ಬಿಟ್ಟಿದ್ದ, ಆ ನಟನ ಗಡ್ಡದ ಹಾಗೆ ಅಂಚು ಕತ್ತರಿಸಿದ, ಕೆನ್ನೆಯ ಮೇಲೆ ಗೆರೆ ಎಳೆದಂಥ ಗಡ್ಡ. ಆ ದುಂಡು ಮುಖಕ್ಕೆ ಅದು ಯಾರೋ ತಮಾಷೆಗೆ ಅಂಟಿಸಿದಂತಿತ್ತು. ಅದನ್ನು ನೋಡಿದ ಕೂಡಲೇ ಅಕ್ಕನಿಗೆ ಎಲ್ಲ ತಿಳಿಯಿತು. ಎದ್ದು ಹೋಗಿಬಿಡೋಣ ಎನಿಸಿತು. ಆದರೂ ಕೂತಳು.

ಫೋನನ್ನು ಹುಡುಗಿ ಕಿವಿಗೆ ಹಿಡಿದಳು. ಅದರೊಳಗಿನ ದನಿ ಪಕ್ಕದಲ್ಲಿದ್ದ ಅಕ್ಕನಿಗೂ ಕೇಳುತ್ತಿತ್ತು.

“ನೋಡ್ತಿದೀಯಾ?” ಎಂಬುದೇ ಅವನ ಮೊದಲ ಮಾತು.

ಹುಡುಗಿಗೆ ಅರ್ಥವಾಗಲಿಲ್ಲ.

“ಧಾರಾವಾಹಿ. ಇಲ್ಲಿ ಎಲ್ರೂ ನೋಡ್ತಾರೆ. ಜಾಗ ಹಿಡಿಯೋಕೆ ದಿನಾ ಗಲಾಟೆ. ನನಗೆ ಮಾತ್ರ ಮುಂದಿನ ಸಾಲು ಬಿಟ್ಟಿರ್ತಾರೆ.” ಬೆರಳಿನಿಂದ ಗಡ್ಡ ಸವರಿಕೊಂಡ. “ಆ ಹುಡುಗ ಚೆನ್ನಾಗೇ ಮಾಡಿದಾನೆ, ತೆಗೆದುಹಾಕೋ ಹಾಗಿಲ್ಲ. ಕಾರು ಮಾತ್ರ ಹಳೇ ಮಾಡೆಲ್ ತೋರಿಸಿದಾರೆ. ನಂದು ಹೊಸ ಗಾಡಿ. ಅಳೋದು ಸ್ವಲ್ಪ ಜಾಸ್ತಿ ಆಯ್ತು, ನಾನು ಅಷ್ಟೆಲ್ಲ ಅಳೋನಲ್ಲ. ನಿನ್ನ ಫ್ರೆಂಡ್ಸ್ ಏನಂತಾರೆ?”

ಅವನು ಅಕ್ಕನ ಕಡೆ ನೋಡಿ, ನಮ್ಮಿಬ್ಬರದೂ ಒಂದು ಗುಟ್ಟಿದೆ ಎಂಬಂತೆ ನಕ್ಕ. ಇಷ್ಟು ವರ್ಷದಲ್ಲಿ ಅವನ ಎದುರು ಅವಳಿಗೆ ಸಿಟ್ಟು ಬಂದಿತ್ತು, ಭಯ ಬಂದಿತ್ತು, ಕೋರ್ಟಿನಲ್ಲಿ ಒಮ್ಮೆ ಚಪ್ಪಲಿ ಕೈಗೆತ್ತಿಕೊಂಡಿದ್ದಳು. ಈ ನಗು ಮಾತ್ರ ಹೊಸದು. ಕೊಂದವನೂ ಈಗ ಒಬ್ಬ ಪ್ರೇಕ್ಷಕ. ಮಿಕ್ಕವರ ಹಾಗೆ ಅವನೂ ಸಂಜೆಯಾಗುವುದನ್ನು ಕಾಯುತ್ತಾನೆ, ಮಿಕ್ಕವರ ಹಾಗೆ ಅವನಿಗೂ ಆ ಪಾರ್ಲರಿನವಳ ಕಥೆ ನಿಜವೆನ್ನಿಸಿದೆ.

ಹುಡುಗಿ ಬಹಳ ದಿನದಿಂದ ಜೋಪಾನ ಮಾಡಿಟ್ಟುಕೊಂಡಿದ್ದನ್ನು ಕೇಳುವವಳಂತೆ ಕೇಳಿದಳು:

“ಅಮ್ಮನ ದನಿ ಹೇಗಿತ್ತು?”

“ದನಿನಾ?” ಅವನು ಹುಬ್ಬು ಗಂಟಿಕ್ಕಿದ. ನಿಜವಾಗಿಯೂ ಯೋಚಿಸಿದ. “ಅದೇ, ಟೀವಿಲಿ ಬರುತ್ತಲ್ಲ, ಹಾಗೇ. ಮೆತ್ತಗೆ. ಹಾಡು ಹೇಳಿದ ಹಾಗೆ.”

ಹುಡುಗಿ ತಿರುಗಿ ದೊಡ್ಡಮ್ಮನ ಮುಖ ನೋಡಿದಳು. ಅಲ್ಲಿ ಏನು ಕಂಡಳೋ, ಫೋನನ್ನು ಅದರ ಜಾಗಕ್ಕೆ ಇಟ್ಟು ಎದ್ದಳು. ಗಾಜಿನ ಆಚೆ ಅವನ ಬಾಯಿ ಇನ್ನೂ ಆಡುತ್ತಿತ್ತು. ಕಾರನ್ನು ತಿರುಗಿಸುವಂತೆ ಎರಡೂ ಕೈ ಎತ್ತಿ ಏನನ್ನೋ ವಿವರಿಸುತ್ತಿದ್ದ.

ಹೊರಗೆ ಗೇಟಿನ ಬಳಿ ನಲ್ಲಿಯಿತ್ತು. ಹುಡುಗಿ ಅಲ್ಲಿ ಬಗ್ಗಿ ವಾಂತಿ ಮಾಡಿದಳು. ಅಕ್ಕ ಅವಳ ಹಣೆ ಹಿಡಿದುಕೊಂಡು ನಿಂತಳು. ಆಮೇಲೆ ಹುಡುಗಿ ಫೋನು ಹಿಡಿದಿದ್ದ ಕೈಯನ್ನು ಉಜ್ಜಿ ಉಜ್ಜಿ ತೊಳೆದಳು, ಕಿವಿಯನ್ನೂ ತೊಳೆದಳು. ನಾನು ಎಷ್ಟನೇ ಕ್ಲಾಸು ಅಂತ ಕೂಡ ಕೇಳಲಿಲ್ಲ ಎಂದಳು. ಅದು ದೂರೂ ಅಲ್ಲ, ಅಳುವೂ ಅಲ್ಲ. ಅಂಗಡಿಗೆ ಹೋದೆ, ಸಾಮಾನು ಇರಲಿಲ್ಲ ಎಂದು ಬಂದು ಹೇಳುವ ದನಿ.

ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಊರು ದಾಟಿದ ಮೇಲೆ ಅಕ್ಕ ಕಿಟಕಿಯ ಕಡೆ ನೋಡುತ್ತಲೇ ಶುರು ಮಾಡಿದಳು.

“ನಿಮ್ಮಮ್ಮನ ದನಿ ಮೆತ್ತಗಿರ್ಲಿಲ್ಲ. ಹನ್ನೆರಡು ತಿಂಗಳೂ ಶೀತ ಹಿಡಿದೋರ ದನಿ. ಮನೇಲಿ ಅವಳನ್ನ ಕಾಗೆ ಅಂತಿದ್ವಿ. ಅವಳು ಬೀದಿಯ ಆ ತುದಿಲಿ ನಿಂತು ಅಕ್ಕ ಅಂದ್ರೆ ಈ ತುದಿಲಿ ಎಲ್ಲರ ಮನೆ ಬಾಗಿಲೂ ತೆರೀತಿತ್ತು. ಅದಕ್ಕೇ ನೋಡು, ಊರೋರೆಲ್ಲ ನನ್ನನ್ನ ಅಕ್ಕ ಅನ್ನೋಕೆ ಶುರು ಮಾಡಿದ್ದು. ನಗೋಕೆ ಶುರು ಮಾಡಿದ್ರೆ ನಿಲ್ಲಿಸೋಕೆ ಆಗ್ತಿರ್ಲಿಲ್ಲ. ನಕ್ಕೂ ನಕ್ಕೂ ಕೆಮ್ಮು ಹತ್ತಿ, ಬೆನ್ನಿಗೆ ಗುದ್ದಬೇಕಿತ್ತು.”

“ಕಾಗೆನಾ?” ಎಂದಳು ಹುಡುಗಿ.

“ಕಾಗೆ. ಕರೆದ್ರೆ ಕಾ ಅಂತಿದ್ಲು, ಬೇಜಾರು ಮಾಡ್ಕೊಳ್ತಿರ್ಲಿಲ್ಲ.”

ಹುಡುಗಿಗೆ ನಗು ಬಂತು, ನಗುವಿನ ಜೊತೆಗೇ ಅಳುವೂ. ಮುಂದಿನ ಸೀಟಿನವರು ತಿರುಗಿ ನೋಡಿದರು. ಅಕ್ಕ ಅದನ್ನು ಲೆಕ್ಕಿಸದೆ ಹೇಳುತ್ತ ಹೋದಳು. ತಂಗಿ ಮರ ಹತ್ತಿ ಇಳಿಯಲಾಗದೆ ಕೂಗಿದ್ದು, ಅಕ್ಕನ ಮೊದಲ ಕತ್ತರಿಗೆ ತನ್ನ ತಲೆ ಕೊಟ್ಟು ಕುರಿಮರಿಯಂತಾದದ್ದು, ಮದುವೆಯಾಗಿ ಆರು ತಿಂಗಳಿಗೆ ಅವಳ ನಗು ನಿಂತದ್ದು. ಅವನು ಬಾಗಿಲಲ್ಲಿ ಕೂತು ಅಳುತ್ತಿದ್ದದ್ದು ಹೇಗೆ, ಅತ್ತು ಮುಗಿದ ಮೇಲೆ ಮೂಗನ್ನು ಬಾಗಿಲ ಪರದೆಗೆ ಒರೆಸುತ್ತಿದ್ದದ್ದು ಹೇಗೆ ಎನ್ನುವುದನ್ನೂ ಬಿಡಲಿಲ್ಲ. ಹುಡುಗಿ ಹಿತ್ತಲಿನಲ್ಲಿ ಕೇಳಿದ್ದಕ್ಕೆ ಉತ್ತರವಾಗಿ, ಅವನು ಹೋದ ಮೇಲೆ ಆ ಪರದೆಯನ್ನು ತಾನು ಕೋಲಿನಿಂದ ಎತ್ತಿ ಕುದಿಯುವ ನೀರಿಗೆ ಹಾಕುತ್ತಿದ್ದೆ ಎಂದಳು. ಹುಡುಗಿ ಮತ್ತೆ ಆ ಮಾತು ಎತ್ತಲಿಲ್ಲ.

ಮಾರನೆಯ ದಿನ ಅಕ್ಕನ ಕುರ್ಚಿಯಲ್ಲಿ ಕೂತ ಹೆಂಗಸೊಬ್ಬಳು ಎಂದಿನಂತೆ ತೊಡೆಯ ಮೇಲೆ ಫೋನು ಇಟ್ಟುಕೊಂಡು ‘ಹಳದಿ ಕಾರು’ ಹಾಕಿದಳು. ಬಲಗಡೆಯ ಕೂದಲು ಕತ್ತರಿಸಿಯಾಗಿತ್ತು, ಎಡಗಡೆ ಬಾಕಿಯಿತ್ತು. ಅಕ್ಕ ಕತ್ತರಿ ಕೆಳಗಿಟ್ಟು, ಹೋಗಿ ಸೋಫಾದ ಮೇಲೆ ಕೂತಳು. ಯಾಕೆ ನಿಲ್ಲಿಸಿದಿರಿ ಎಂದಳು ಆಕೆ.

“ನೋಡಿ ಮುಗಿಸಿ,” ಎಂದಳು ಅಕ್ಕ. “ಅದರಲ್ಲಿ ಸಾಯ್ತಿರೋಳು ನನ್ನ ತಂಗಿ. ನೀವು ಅದನ್ನ ನೋಡೋವಾಗ ನಿಮ್ಮ ತಲೆ ಮುಟ್ಟೋಕೆ ನನಗೆ ಹೇಸಿಗೆ ಆಗುತ್ತೆ.”

ಆ ಹೆಂಗಸು ಕೆಂಪೇರಿದ ಮುಖದಿಂದ ಫೋನು ಮುಚ್ಚಿದಳು. ಅಕ್ಕ ಎದ್ದು ಬಂದು ಎಡಗಡೆಯನ್ನು ಬಲಗಡೆಗೆ ಕೂದಲೆಳೆ ವ್ಯತ್ಯಾಸವಿಲ್ಲದಂತೆ ಕತ್ತರಿಸಿ ಕಳಿಸಿದಳು. ಆಕೆ ಮತ್ತೆ ಬರಲಿಲ್ಲ. ಅಂದಿನಿಂದ ಕುರ್ಚಿಯಲ್ಲಿ ಫೋನು ಇಲ್ಲ ಎಂದಾಯಿತು.

ಅವಳನ್ನು ನೋಡಲೆಂದೇ ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಅವರ ಜೊತೆಗೆ ಬೇರೆ ಕೆಲವರೂ ನಿಲ್ಲಿಸಿದರು. ಇದೇನಿದು, ತಾನಾಗಿ ಬಂದ ಗಿರಾಕಿಗಳನ್ನು ಓಡಿಸುವುದು ಎಂದು ಜೊತೆಗಾರ್ತಿ ಮೂತಿ ತಿರುವಿದಳು. ತಿಂಗಳೊಳಗೆ ಎರಡು ಬೀದಿ ಆಚೆ ಸ್ವಂತ ಪಾರ್ಲರು ತೆರೆದಳು. ಬಾಗಿಲಲ್ಲೇ ಆ ನಟಿಯ ದೊಡ್ಡ ಚಿತ್ರ, ಅದರ ಕೆಳಗೆ ‘ಹಳದಿ ಕಾರು ಕಟ್ ಇಲ್ಲಿ ಮಾಡಲಾಗುವುದು’ ಎಂಬ ಬರಹ. ಚೆನ್ನಾಗಿ ನಡೆಯುತ್ತಿತ್ತು. ಮಹಡಿಯ ಆಂಟಿ ಅಲ್ಲಿಗೇ ಹೋಗಿ ತಲೆಗೆ ಬಣ್ಣ ಹಾಕಿಸಿಕೊಂಡು, ಕೊನೆಯ ಕಂತಿನ ಕಾರ್ಯಕ್ರಮದಲ್ಲಿ ವೇದಿಕೆ ಏರಿದಳು. ನಟನ ಕೈ ಹಿಡಿದುಕೊಂಡು ಸತ್ತವಳಿಗಾಗಿ ಕಣ್ಣೀರು ಹಾಕಿದಳಂತೆ, ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತಂತೆ. ಅಕ್ಕನಿಗೆ ಇದನ್ನು ಹೇಳಿದವಳು ಹುಡುಗಿ, ಶಾಲೆಯಲ್ಲಿ ಕೇಳಿಸಿಕೊಂಡು ಬಂದು. ಹೇಳಿ, ಥೂ ಎಂದು, ಬ್ಯಾಗು ಮೂಲೆಗೆ ಒಗೆದು, ಊಟಕ್ಕೆ ಕೂತಳು. ಲೆಕ್ಕದ ಪುಸ್ತಕ ಈಗ ಮನೆಯಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಊಟದ ಹೊತ್ತಿಗೆ ಕಾಗೆಯ ಒಂದಲ್ಲ ಒಂದು ಕಥೆ ಆಗಲೇಬೇಕಿತ್ತು. ಅಕ್ಕನಿಗೆ ಗೊತ್ತಿದ್ದವು ಮುಗಿದು, ಹೇಳಿದ್ದನ್ನೇ ಎರಡನೆಯ ಸಲ ಹೇಳುವುದೂ ಶುರುವಾಗಿತ್ತು.

ಅಂಗಡಿಯಲ್ಲಿ ಉಳಿದದ್ದು ಹಳೆಯ ಹೆಂಗಸರು, ಅವರಲ್ಲೂ ಅರ್ಧದಷ್ಟು ಜನ. ಎರಡನೆಯ ಕುರ್ಚಿಯ ಮೇಲೆ ಟವೆಲುಗಳ ರಾಶಿ ಕೂತಿತು. ಇಷ್ಟಾಗಿಯೂ ಆ ಹೇಸಿಗೆ ಪೂರ್ತಿ ಹೋಗಲಿಲ್ಲ. ಗೊತ್ತಿದ್ದ, ಒಳ್ಳೆಯವರೇ ಆದ ಹೆಂಗಸರ ತಲೆಗೆ ಕೈ ಹಾಕುವಾಗಲೂ, ಇವಳೂ ಊದಿ ಕೂದಲು ಹಾರಿಸಿ ನೋಡಿರಬಹುದು ಎನ್ನಿಸಿ ಬೆರಳು ಒಂದು ಗಳಿಗೆ ಹಿಂಜರಿಯುತ್ತಿತ್ತು.

ಅದೇ ಚಾನೆಲ್ಲಿನಲ್ಲಿ ಇನ್ನೊಂದು ಧಾರಾವಾಹಿ ಬಂತು. ಯಾವುದೋ ಊರಿನ ಯಾವುದೋ ಮನೆ, ಮಗನೇ ತಾಯಿಯನ್ನು ಕೊಂದ ಕಥೆಯಂತೆ. ಟೈಪಿಂಗ್ ಕ್ಲಾಸಿನ ಟೀಚರು, ಕಷ್ಟದ ದಿನಗಳಲ್ಲೂ ಅಕ್ಕನನ್ನು ಬಿಡದೆ ಬಂದಾಕೆ, ತಲೆ ತೊಳೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತು, ಕನ್ನಡಿಯೊಳಗಿಂದ ಅಕ್ಕನನ್ನು ನೋಡಿ, ಆ ಹುಡುಗ ಎಷ್ಟು ಮುದ್ದಾಗಿದ್ದಾನೆ ಗೊತ್ತಾ, ತಪ್ಪು ಆ ತಾಯಿಯದೇ ಇರಬೇಕು ಎಂದು ಶುರು ಮಾಡಿದಳು. ಅಕ್ಕ ಡ್ರೈಯರಿನ ಗುಂಡಿ ಒತ್ತಿದಳು. ಅದರ ಸದ್ದಿನಲ್ಲಿ ಮಾತು ಮುಳುಗಿಹೋಯಿತು. ಕನ್ನಡಿಯಲ್ಲಿ ಆಕೆಯ ತುಟಿಗಳು ಮಾತ್ರ ಬಹಳ ಹೊತ್ತು ಅಲ್ಲಾಡುತ್ತಲೇ ಇದ್ದವು.